ಮೊಹರು ಒಡೆಯದ ಹಳೆಯ ಕೀಲೆಣ್ಣೆ: ಜೀಪು, ಜೋಂಗಾಗಳಿಗೆ ಹಾಕುವ ಮುನ್ನ

ತುಮಕೂರಿನ ಕ್ಯಾತ್ಸಂದ್ರದ ಬಳಿಯ ಶೆಡ್ಡಿನಲ್ಲಿ ಭಾನುವಾರಗಳಂದು ಸೇರಿ ಜೀಪು, ಜೋಂಗಾಗಳಂಥ ಹಳೆಯ ಸೇನಾ ವಾಹನಗಳ ದುರಸ್ತಿ ಕಲಿಯುತ್ತಿರುವ ನಮ್ಮ ಗುಂಪಿಗೆ ಕಳೆದ ತಿಂಗಳು ಗುಜರಿ ಅಂಗಡಿಯೊಂದರಿಂದ ಹನ್ನೊಂದು ತಗಡಿನ ಡಬ್ಬಗಳು ಸಿಕ್ಕವು. ಎಲ್ಲವೂ ಸೇನೆಯ ಹಸಿರು ಬಣ್ಣದವು, ಒಂದರ ಮೊಹರೂ ಒಡೆದಿರಲಿಲ್ಲ. "ಸೀಲ್ ಒಡೆದಿಲ್ಲ ಸ್ವಾಮಿ, ಹೊಸದೇ ಅಂತ ತಿಳ್ಕೊಳ್ಳಿ" ಎಂದು ಅಂಗಡಿಯವರು ಹೇಳಿದರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊಹರು ಗಾಳಿಯನ್ನೂ ನೀರನ್ನೂ ಹೊರಗಿಡುತ್ತದೆ, ಆದರೆ ಒಳಗಿರುವ ಎಣ್ಣೆ ನಮ್ಮ ವಾಹನಕ್ಕೆ ಒಗ್ಗುತ್ತದೆಯೇ ಎಂಬುದಕ್ಕೆ ಅದು ಸಾಕ್ಷಿಯಾಗಲಾರದು. ಈ ಟಿಪ್ಪಣಿಯನ್ನು ಆ ಉಳಿದರ್ಧಕ್ಕಾಗಿ ಬರೆದಿದ್ದೇನೆ.

ಖನಿಜ ಕೀಲೆಣ್ಣೆ ಕೆಡುವುದು ಮುಖ್ಯವಾಗಿ ಆಮ್ಲಜನಕದಿಂದ. ಕಾವು ಅದನ್ನು ಚುರುಕುಗೊಳಿಸುತ್ತದೆ, ತಾಮ್ರ ಮತ್ತು ಕಬ್ಬಿಣದ ಕಣಗಳು ವೇಗವರ್ಧಕಗಳಾಗಿ ಕೆಲಸ ಮಾಡುತ್ತವೆ. ಓಡುವ ಎಂಜಿನ್ನಿನಲ್ಲಿ ಈ ಮೂರೂ ಒಟ್ಟಿಗೆ ಇರುವುದರಿಂದ ಎಣ್ಣೆಗೆ ಕೆಲವು ತಿಂಗಳುಗಳಲ್ಲೇ ವಯಸ್ಸಾಗುತ್ತದೆ. ತುಂಬಿದ ಡಬ್ಬದೊಳಗೆ ಗಾಳಿ ಬಹಳ ಕಡಿಮೆ, ಕಾವು ಹೆಚ್ಚಿಲ್ಲ. ಹೀಗಾಗಿ ಮೂಲ ಎಣ್ಣೆ ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿಯಬಲ್ಲದು. ತಯಾರಕರು ಸಾಮಾನ್ಯವಾಗಿ ಹೇಳುವ ಐದು ವರ್ಷಗಳ ಅವಧಿ ಮೂಲ ಎಣ್ಣೆಗಿಂತ ಹೆಚ್ಚಾಗಿ ಅದರಲ್ಲಿ ಬೆರೆಸಿದ ರಾಸಾಯನಿಕಗಳನ್ನು ಕುರಿತದ್ದು. ಅವುಗಳಲ್ಲಿ ಕೆಲವು, ವಿಶೇಷವಾಗಿ ನೊರೆ ತಡೆಯಲು ಹಾಕುವ ಸಿಲಿಕೋನ್, ಎಣ್ಣೆಯಲ್ಲಿ ಪೂರ್ತಿ ಕರಗದೆ ಸೂಕ್ಷ್ಮ ಹನಿಗಳಾಗಿ ತೇಲುತ್ತಿರುತ್ತವೆ ಮತ್ತು ಕಾಲಕ್ರಮದಲ್ಲಿ ತಳ ಸೇರುತ್ತವೆ.

ನೀರಿನ ವಿಷಯ ಇದಕ್ಕಿಂತ ಗಂಭೀರವಾದುದು. ನಾನು ಅದನ್ನು ನಷ್ಟಪಟ್ಟೇ ಕಲಿತೆ. ಎರಡು ವರ್ಷಗಳ ಹಿಂದೆ ಮೊಹರಿದ್ದ ಗೇರ್ ಎಣ್ಣೆಯ ಡ್ರಮ್ಮೊಂದನ್ನು ಶೆಡ್ಡಿನ ಹೊರಗೆ ನೆಟ್ಟಗೆ ನಿಲ್ಲಿಸಿದ್ದೆ. ದೀಪಾವಳಿಯ ನಂತರ ತೆರೆದಾಗ ಮೇಲಿನ ಎಣ್ಣೆ ಸ್ವಚ್ಛವಾಗಿತ್ತು, ತಳದಲ್ಲಿ ಮಾತ್ರ ಚಹಾಕ್ಕೆ ಹಾಲು ಬೆರೆಸಿದ ಬಣ್ಣದ ಮಡ್ಡಿ ಕೂತಿತ್ತು. ಮುಚ್ಚಿದ ಡ್ರಮ್ಮಿಗೆ ನೀರು ನುಗ್ಗಿದ ಬಗೆ ಹೀಗೆ: ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ತಿರುಪಿನ ಸಂದಿನಿಂದ ಹೊರಬೀಳುತ್ತದೆ; ಸಂಜೆಯ ಮಳೆಗೆ ಡ್ರಮ್ಮು ತಟ್ಟನೆ ತಣಿದಾಗ ಒಳಗೆ ಒತ್ತಡ ಕುಸಿದು, ಮೇಲಿನ ತಗ್ಗಿನಲ್ಲಿ ನಿಂತ ಮಳೆನೀರನ್ನು ಅದೇ ಸಂದಿನಿಂದ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಉರಿಬಿಸಿಲು, ಸಂಜೆ ಗುಡುಗುಮಳೆ ಎಂಬ ನಮ್ಮ ಸೀಮೆಯ ಹವೆಯಲ್ಲಿ ಇದು ವಾರಗಟ್ಟಲೆ ಮರುಕಳಿಸುತ್ತದೆ. ಡ್ರಮ್ಮನ್ನು ಅಡ್ಡ ಮಲಗಿಸಿ, ಎರಡೂ ಮುಚ್ಚಳಗಳು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಬರುವಂತೆ ಇಟ್ಟರೆ ಅವು ಎಣ್ಣೆಯ ಮಟ್ಟಕ್ಕಿಂತ ಕೆಳಗಿರುತ್ತವೆ, ಗಾಳಿಯೂ ನೀರೂ ಆಡುವುದಿಲ್ಲ.

ಆದ್ದರಿಂದ ಡಬ್ಬ ತೆರೆಯುವ ಮೊದಲು ಅದನ್ನು ಅಲುಗಾಡಿಸಬಾರದು. ಎರಡು ದಿನ ಕದಲಿಸದೆ ಬಿಟ್ಟು, ಪಾರದರ್ಶಕ ಪೈಪಿನ ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ತಳದವರೆಗೆ ಇಳಿಸಿ, ಬೆರಳು ತೆಗೆದು ಮತ್ತೆ ಮುಚ್ಚಿದರೆ ತಳದ ಮಾದರಿ ಮೇಲೆ ಬರುತ್ತದೆ. ಅದನ್ನು ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿದಾಗ ಅದು ತಿಳಿಯಾಗಿ ಹೊಳೆಯಬೇಕು. ಅನುಮಾನವಿದ್ದರೆ ಬಯಲಿನಲ್ಲಿ, ವಿದ್ಯುತ್ ಒಲೆಯ ಮೇಲೆ ಸುಮಾರು 150 ಡಿಗ್ರಿಗೆ ಕಾಯಿಸಿದ ಹಳೆಯ ಕಾವಲಿಗೆ ಒಂದು ಹನಿ ಬಿಡಿ. ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತದೆ. ಸಾವಿರದಲ್ಲಿ ಒಂದು ಪಾಲು ನೀರಿದ್ದರೂ ಈ ಸದ್ದು ಕೇಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಬೆಂಕಿಯ ಜ್ವಾಲೆ ಹತ್ತಿರವಿರಬಾರದು. ನೀರಿಲ್ಲವೆಂದು ಖಚಿತವಾದ ಮೇಲೆಯೇ ಡಬ್ಬವನ್ನು ಬಿಸಿಲಿಗಿಟ್ಟು, ಚೆನ್ನಾಗಿ ಕುಲುಕಿ, ತಳ ಸೇರಿದ್ದನ್ನು ಮತ್ತೆ ಬೆರೆಸಬೇಕು. ಈ ಕ್ರಮ ತಪ್ಪಿದರೆ ತಳದಲ್ಲಿದ್ದ ನೀರು ಇಡೀ ಎಣ್ಣೆಗೆ ಬೆರೆತುಹೋಗುತ್ತದೆ.

ಇನ್ನು ಡಬ್ಬದ ಮೇಲಿನ ಅಕ್ಷರಗಳು. ಅಮೆರಿಕದ ಸೇನೆಯ ಪದ್ಧತಿಯಲ್ಲಿ ಓಇ ಎಂದರೆ ಎಂಜಿನ್ ಎಣ್ಣೆ, ಜಿಓ ಎಂದರೆ ಗೇರ್ ಎಣ್ಣೆ, ಪಿಇ ಎಂದರೆ ತುಕ್ಕು ತಡೆಯುವ ಸಂರಕ್ಷಕ ಎಣ್ಣೆ, ಜಿಎಎ ಎಂದರೆ ವಾಹನ ಮತ್ತು ಫಿರಂಗಿಗಳ ಗ್ರೀಸು. ಎಂಜಿನ್ ಎಣ್ಣೆಯ ಡಬ್ಬದಲ್ಲಿ ಮಿಲ್-ಎಲ್-2104 ಎಂಬ ಸೇನಾ ನಿರ್ದಿಷ್ಟತೆಯ ಸಂಖ್ಯೆಯ ಮುಂದಿನ ಅಕ್ಷರವನ್ನು ಗಮನಿಸಬೇಕು: ಬಿ ಇದ್ದರೆ 1964ರ, ಸಿ ಇದ್ದರೆ 1970ರ ನಿರ್ದಿಷ್ಟತೆ. ಅಕ್ಷರ ಮುಂದುವರಿದಷ್ಟೂ ಮಸಿಯನ್ನು ತೊಳೆಯುವ ಮತ್ತು ಸವೆತ ತಡೆಯುವ ಗುಣ ಹೆಚ್ಚು. ಅಕ್ಷರ ಅಳಿಸಿಹೋಗಿ ಗುರುತೇ ಸಿಗದ ಡಬ್ಬವನ್ನು ನಾನು ಬಾಗಿಲಿನ ಕೀಲಿಗೂ ಸನಿಕೆ, ಗುದ್ದಲಿಗಳಿಗೂ ಮಾತ್ರ ಬಿಡುತ್ತೇನೆ.

ವಿಲ್ಲೀಸ್ ಜೀಪಿನ 2.2 ಲೀಟರಿನ, 60 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಯುದ್ಧಕಾಲದ ಸೇನಾ ಕೈಪಿಡಿ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲಿನ ಎಲ್ಲ ಹವೆಗೂ ಎಸ್‌ಎಇ 30 ದರ್ಜೆಯ ದಪ್ಪದ ಎಣ್ಣೆ ಎಂದು ಹೇಳುತ್ತದೆ. ತುಮಕೂರಿನಲ್ಲಿ ವರ್ಷವಿಡೀ ಅದೇ ಸಾಕು. ಹಳೆಯ ಎಣ್ಣೆಯನ್ನು ಬಯಸುವವರು ಕೊಡುವ ಮುಖ್ಯ ಕಾರಣ ಸತು. ವಾಲ್ವುಗಳನ್ನು ಎತ್ತುವ ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜಿಕೊಳ್ಳುವ ಕಡೆ ಸವೆತ ತಡೆಯುವ ಸತು–ರಂಜಕದ ಸಂಯುಕ್ತ ಇಂದಿನ ಹಲವು ಪೆಟ್ರೋಲ್ ಎಂಜಿನ್ ಎಣ್ಣೆಗಳಲ್ಲಿ ಕಡಿಮೆಯಾಗಿದೆ, ಏಕೆಂದರೆ ರಂಜಕ ಹೊಗೆಕೊಳವೆಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ವೇಗವರ್ಧಕವನ್ನು ಕೆಡಿಸುತ್ತದೆ. ಕಾರಣ ನಿಜವೇ, ಆದರೆ ವಿಲ್ಲೀಸ್ ಎಂಜಿನ್ನಿನ ಮಟ್ಟಿಗೆ ಅದಕ್ಕೆ ಅಷ್ಟು ತೂಕ ಕೊಡಬೇಕಿಲ್ಲವೆಂದು ನನ್ನ ಅಭಿಪ್ರಾಯ: ಆ ಎಂಜಿನ್ ರೂಪುಗೊಂಡಾಗ ಇಂಥ ಸಂಯುಕ್ತ ಎಣ್ಣೆಗಳಲ್ಲಿ ರೂಢಿಯಲ್ಲೇ ಇರಲಿಲ್ಲ, ಅದರ ವಾಲ್ವ್ ಸ್ಪ್ರಿಂಗುಗಳ ಬಿಗುವೂ ಕಡಿಮೆ. ಹೆಚ್ಚು ಯೋಚಿಸಬೇಕಾದದ್ದು ಮಸಿಯನ್ನು ಕುರಿತು. ವರ್ಷಗಟ್ಟಲೆ ಸಾದಾ ಎಣ್ಣೆಯಲ್ಲಿ ಓಡಿದ ಎಂಜಿನ್ನಿಗೆ ತೊಳೆಯುವ ಗುಣದ ಎಣ್ಣೆ ಹಾಕಿದರೆ ಅಂಟಿಕೊಂಡಿದ್ದ ಮಡ್ಡಿ ಸಡಿಲಗೊಳ್ಳುತ್ತದೆ. ಈ ಜೀಪಿನ ಫಿಲ್ಟರು ಎಣ್ಣೆಯ ಒಂದು ಭಾಗವನ್ನಷ್ಟೇ ಶೋಧಿಸುವ ಬಗೆಯದಾದ್ದರಿಂದ ಆ ಮಡ್ಡಿ ನೇರ ಬೇರಿಂಗುಗಳಿಗೆ ಹೋಗಬಹುದು. ಮೊದಲು ಸಂಪ್ (ಎಂಜಿನ್ ತಳದ ಎಣ್ಣೆಪಾತ್ರೆ) ಬಿಚ್ಚಿ ತೊಳೆಯುವುದೇ ಸರಿಯಾದ ದಾರಿ.

ಗೇರ್ ಎಣ್ಣೆಯಲ್ಲಿ ಹಿತ್ತಾಳೆಯ ಪ್ರಶ್ನೆ ಬರುತ್ತದೆ. ಮಿಲ್-ಎಲ್-2105 ಎಂದಷ್ಟೇ ಇದ್ದರೆ ಅದು ಗೇರ್ ಎಣ್ಣೆಗಳ ಶ್ರೇಣಿಯಲ್ಲಿ ಹೆಚ್ಚುಕಡಿಮೆ ಜಿಎಲ್-4 ಮಟ್ಟದ್ದು. ಮುಂದೆ ಬಿ ಅಥವಾ ಸಿ ಇದ್ದರೆ ಜಿಎಲ್-5, ಅಂದರೆ ಗಂಧಕ–ರಂಜಕದ ಪ್ರಮಾಣ ಇನ್ನೂ ಹೆಚ್ಚು. ಚಕ್ರಗಳಿಗೆ ಶಕ್ತಿ ಹಂಚುವ ಹಿಂದಿನ ಮತ್ತು ಮುಂದಿನ ಡಿಫರೆನ್ಷಿಯಲ್‌ಗಳ ಹೈಪಾಯ್ಡ್ ಗೇರುಗಳಿಗೆ ಆ ಗಂಧಕ ಬೇಕೇ ಬೇಕು, ಹಲ್ಲುಗಳು ಜಾರುತ್ತಾ ಉಜ್ಜುವಾಗ ಲೋಹವನ್ನು ಕಾಯುವುದು ಅದೇ. ಗೇರ್ ಬಾಕ್ಸಿನಲ್ಲಿರುವ ಹಿತ್ತಾಳೆಯಂಥ ತಾಮ್ರಮಿಶ್ರಿತ ಸಿಂಕ್ರೋ ರಿಂಗುಗಳನ್ನು (ಗೇರು ಬದಲಿಸುವಾಗ ವೇಗ ಹೊಂದಿಸುವ ಬಳೆಗಳನ್ನು) ಅದೇ ಗಂಧಕ ತಿನ್ನಬಹುದು. ಇದನ್ನು ನೋಡಿಯೇ ತಿಳಿಯಬಹುದು. ದಪ್ಪ ತಾಮ್ರದ ತಂತಿಯನ್ನು ಎಮರಿ ಕಾಗದದಿಂದ ತಿಕ್ಕಿ ಹೊಳೆಯುವಂತೆ ಮಾಡಿ, ಬೆರಳು ಸೋಕಿಸದೆ ಎಣ್ಣೆಯಿರುವ ಗಾಜಿನ ನಳಿಕೆಗೆ ಇಳಿಸಿ, ನಳಿಕೆಯನ್ನು ಕುದಿಯುವ ನೀರಿನಲ್ಲಿ ಮೂರು ಗಂಟೆ ನಿಲ್ಲಿಸಬೇಕು. ಪ್ರಯೋಗಾಲಯಗಳು ಗೇರ್ ಎಣ್ಣೆಗೆ 121 ಡಿಗ್ರಿ ಬಳಸುತ್ತವೆ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ನಮ್ಮ ಊರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಆದ್ದರಿಂದ ನಮ್ಮದು ಮೃದುವಾದ ಪರೀಕ್ಷೆ. ಅಷ್ಟು ಮೃದುವಾದ ಪರೀಕ್ಷೆಯಲ್ಲೂ ನಮ್ಮ ಒಂದು ಡಬ್ಬದ ಎಣ್ಣೆಯಲ್ಲಿ ತಂತಿ ನೇರಳೆಗೆ ತಿರುಗಿ, ಕೊನೆಗೆ ಕಾವಲಿಯ ತಳದಂತೆ ಕಪ್ಪಾಯಿತು. ಆ ಡಬ್ಬವನ್ನು ಡಿಫರೆನ್ಷಿಯಲ್‌ಗೆ ಮಾತ್ರ ಎಂದು ಬರೆದಿಟ್ಟಿದ್ದೇವೆ. ಬಹಳ ಹಳೆಯ ಗೇರ್ ಎಣ್ಣೆಗಳಲ್ಲಿ ಸೀಸದ ಸಾಬೂನೂ ಇರುತ್ತಿತ್ತು. ಕೈಗವಸಿಲ್ಲದೆ ಯಾರೂ ಮುಟ್ಟಬೇಡಿ.

ಗ್ರೀಸಿನ ಮಾತು ಚಿಕ್ಕದು. ಮೇಲೆ ಎಣ್ಣೆ ಒಸರಿದ್ದರೆ ಕಲಸಿ ಬಳಸಬಹುದು, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬೇಡ. ಬೇರಿಂಗಿನಲ್ಲಿರುವ ಹಳೆಯದನ್ನು ಪೂರ್ತಿ ತೊಳೆಯದೆ ಹೊಸ ಬಗೆಯದನ್ನು ತುಂಬಬಾರದು. ಲಿಥಿಯಂ ಗ್ರೀಸೂ ಜೇಡಿ ಆಧಾರಿತ ಗ್ರೀಸೂ ಬೆರೆತರೆ ಮೆತ್ತಗಾಗಿ ಹರಿದುಹೋಗುತ್ತವೆ.

ಬ್ರೇಕ್ ದ್ರವದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಗ್ಲೈಕಾಲ್ ಆಧಾರಿತ ದ್ರವ ತೇವವನ್ನು ಹೀರುತ್ತದೆ. ತೇವ ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ದೇವರಾಯನದುರ್ಗದ ಇಳಿಜಾರಿನಲ್ಲಿ ಬ್ರೇಕ್ ಡ್ರಮ್ಮುಗಳು ಕಾದು ಒಳಗೆ ಆವಿ ಕಟ್ಟಿದರೆ ಪೆಡಲು ನೆಲಕ್ಕೆ ಹೋಗುತ್ತದೆ. ದಶಕಗಳ ಹಿಂದಿನ ಮೊಹರನ್ನು ನಂಬಿ ಆ ಅಪಾಯಕ್ಕೆ ಇಳಿಯುವಷ್ಟು ಹೊಸ ದ್ರವವೇನೂ ದುಬಾರಿಯಲ್ಲ. ಇದಕ್ಕಿಂತ ದೊಡ್ಡ ಅಪಾಯ ಎಚ್-515 ಎಂಬ ಸಂಕೇತದ ಕೆಂಪು ದ್ರವ. ಅದು ವಿಮಾನಗಳ ಹೈಡ್ರಾಲಿಕ್ ಖನಿಜ ಎಣ್ಣೆ. ಹೈಡ್ರಾಲಿಕ್ ಎಂಬ ಪದವನ್ನಷ್ಟೇ ಓದಿ ಬ್ರೇಕಿನ ಒತ್ತಡ ಹುಟ್ಟಿಸುವ ಜೀಪಿನ ಮಾಸ್ಟರ್ ಸಿಲಿಂಡರಿಗೆ ಸುರಿದರೆ ಒಳಗಿನ ರಬ್ಬರ್ ಬಟ್ಟಲುಗಳು (ಕಪ್) ಊದಿಕೊಂಡು ಬ್ರೇಕು ಹಿಡಿದೇ ಉಳಿಯಬಹುದು, ಅಥವಾ ಪೂರ್ತಿ ಕೈಕೊಡಬಹುದು. ನಮ್ಮ ಹನ್ನೊಂದು ಡಬ್ಬಗಳಲ್ಲಿ ಅಂಥವು ಎರಡಿದ್ದವು. ಅವುಗಳ ಮೇಲೆ ಬಿಳಿ ಬಣ್ಣದಲ್ಲಿ "ಬ್ರೇಕಿಗೆ ಅಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು, ಹಾಲುಬಣ್ಣಕ್ಕೆ ತಿರುಗಿದ ಆ ಡ್ರಮ್ಮಿನ ಪಕ್ಕದಲ್ಲಿ ಇಟ್ಟಿದ್ದೇವೆ. ಮೂರನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ ಒಪ್ಪಿಸಬೇಕಾಗಿದೆ.