ಆಮೆಯನ್ನು ನಂಬಿದ ಕಳ್ಳಿಮರ

ಹೊಲದ ಬದುವಿನಲ್ಲಿ, ಹಳ್ಳದ ದಡದಲ್ಲಿ ಪೊದೆಗಟ್ಟಿ ಬೆಳೆಯುವ ಪಾಪಾಸುಕಳ್ಳಿ ನಮಗೆಲ್ಲ ಗೊತ್ತು. ಕಡಿದು ಬಿಸಾಡಿದ ತುಂಡು ಬಿದ್ದಲ್ಲೇ ಬೇರು ಬಿಡುತ್ತದೆ. ಬೆಳೆಸುವುದಲ್ಲ, ಸಾಯಿಸುವುದೇ ಕಷ್ಟ. ಅದೇ ಕುಲದ ಗಿಡವೊಂದು ಅಳಿವಿನಂಚಿಗೆ ಬಂದಿದೆ ಎಂದು ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ.

ಅದರ ನೆಲೆ ಈಕ್ವೆಡಾರ್ ಕರಾವಳಿಯಿಂದ ಸುಮಾರು 1000 ಕಿ.ಮೀ. ಪಶ್ಚಿಮಕ್ಕಿರುವ ಗಲಾಪಗೋಸ್ ದ್ವೀಪಗಳು. ಹೆಸರು ಓಪನ್ಶಿಯಾ ಮೆಗಾಸ್ಪರ್ಮಾ. ಇದು ಪೊದೆಯಲ್ಲ, ಮರ. ಎಳೆಯ ಕಾಂಡದ ಮೈತುಂಬ ಮುಳ್ಳು; ವಯಸ್ಸಾದಂತೆ ಮುಳ್ಳು ಉದುರಿ, ಕೆಂಗಂದು ತೊಗಟೆ ಹಾಳೆ ಹಾಳೆಯಾಗಿ ಸುಲಿಯುವ ದಪ್ಪ ಬೊಡ್ಡೆ ಉಳಿಯುತ್ತದೆ.

ಕಳ್ಳಿ ಮರವಾದದ್ದೇಕೆ? ಆಮೆಯ ಬಾಯಿಗೆ ಎಟುಕದಿರಲು ಎಂದು ಕೆಲವರು, ಬೆಳಕಿಗಾಗಿ ಬೇರೆ ಗಿಡಗಳ ಜೊತೆ ಪೈಪೋಟಿಗಿಳಿದು ಎಂದು ಇನ್ನು ಕೆಲವರು ವಾದಿಸುತ್ತಾರೆ. ನನಗೆ ಮೊದಲನೆಯದೇ ಹೆಚ್ಚು ಹಿಡಿಸುತ್ತದೆ. ಏಕೆಂದರೆ ದೈತ್ಯ ಆಮೆಗಳೇ ಇಲ್ಲದ ಜೆನೊವೆಸಾದಂಥ ಉತ್ತರದ ದ್ವೀಪಗಳಲ್ಲಿ ಇದರ ಬಳಗದ ಕಳ್ಳಿ ನೆಲಕ್ಕೆ ಒರಗಿಕೊಂಡೇ ಬೆಳೆಯುತ್ತದೆ, ಅದರ ಮುಳ್ಳೂ ಮೃದು.

ಹಾಗೆಂದು ಆಮೆ ಈ ಮರಕ್ಕೆ ಬರೀ ಶತ್ರುವಲ್ಲ. ಮೆಗಾಸ್ಪರ್ಮಾ ಎಂದರೆ ದೊಡ್ಡ ಬೀಜದ್ದು ಎಂದರ್ಥ. ಇದರ ಬೀಜ ಒಂದು ಸೆಂಟಿಮೀಟರಿಗೂ ದೊಡ್ಡದಿರಬಹುದು. ಕಳ್ಳಿಗಳ ಪೈಕಿ ಅದು ಅಪರೂಪ. ಅಂಥ ಬೀಜವನ್ನು ಹಣ್ಣಿನ ಸಮೇತ ನುಂಗಿ, ನಿಧಾನವಾಗಿ ನಡೆದು ಹೋಗಿ, ದೂರದಲ್ಲೆಲ್ಲೋ ಸಗಣಿಯ ಜೊತೆ ಇಳಿಸುವ ಪ್ರಾಣಿ ಬೇಕು. ಆ ಕೆಲಸ ಆಮೆಯದು.

ಎಸ್ಪಾನ್ಯೊಲ ಎಂಬ ಪುಟ್ಟ ದ್ವೀಪದಲ್ಲಿ ಈ ಸಂಬಂಧ ಕಡಿದುಬಿತ್ತು. ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಬದುಕುವ ಆಮೆಗಳನ್ನು ತಿಮಿಂಗಿಲ ಬೇಟೆಯ ಹಡಗುಗಳು ತಾಜಾ ಮಾಂಸಕ್ಕೆಂದು ಹೊತ್ತೊಯ್ದವು. ಆಮೇಲೆ ಆಡುಗಳು ಬಂದವು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ. ಅಲ್ಲಿ ಸೊಪ್ಪಿನ ಜೊತೆ ಮರದ ಬುಡವನ್ನೂ ಅವು ಬಿಡಲಿಲ್ಲ. ನೀರು ತುಂಬಿದ ತಿರುಳಿಗಾಗಿ ಬೊಡ್ಡೆಯನ್ನೇ ಕೊರೆದು ತಿಂದವು, ಮರ ಉರುಳಿತು. ಎಳೆಯ ಸಸಿಗಳು ತಲೆಯೆತ್ತಲೇ ಇಲ್ಲ.

1960ರ ದಶಕದ ಹೊತ್ತಿಗೆ ಆ ದ್ವೀಪದಲ್ಲಿ ಸಿಕ್ಕ ಆಮೆಗಳು ಬರೀ 14: ಹೆಣ್ಣು 12, ಗಂಡು 2. ಎಲ್ಲವನ್ನೂ ಸಾಂತಾ ಕ್ರೂಸ್ ದ್ವೀಪದ ಸಂತಾನಾಭಿವೃದ್ಧಿ ಕೇಂದ್ರಕ್ಕೆ ಒಯ್ದರು. ಅಮೆರಿಕದ ಸ್ಯಾನ್ ಡಿಯೇಗೊ ಮೃಗಾಲಯದಲ್ಲಿದ್ದ ಇನ್ನೊಂದು ಗಂಡೂ ವಾಪಸ್ ಬಂತು. ಅದೇ ಮುಂದೆ ಜಗತ್ತೆಲ್ಲ ಹೆಸರಾದ ಡಿಯೇಗೊ. ಇತ್ತ 1978ರಲ್ಲಿ ದ್ವೀಪದ ಕೊನೆಯ ಆಡೂ ಹೋಯಿತು.

ಆದರೂ ಕಳ್ಳಿ ಚೇತರಿಸಿಕೊಳ್ಳಲಿಲ್ಲ. ಮೇಯುವವರು ಇಲ್ಲವಾದಾಗ ಗಟ್ಟಿ ಪೊದೆಗಳು ದ್ವೀಪವನ್ನು ಮುಚ್ಚಿದವು. ಕಳ್ಳಿಸಸಿಗೆ ಬಿಸಿಲಿಲ್ಲ. ಹಾರಲು ಓಡುದಾರಿ ಬೇಕಾದ ಅಲೆಗೆರೆಯ ಆಲ್ಬಟ್ರಾಸ್ ಹಕ್ಕಿಗಳಿಗೂ ಬಯಲಿಲ್ಲ. ಆ ಹಕ್ಕಿಗಳು ಬಹುಪಾಲು ಗೂಡು ಕಟ್ಟುವುದೇ ಈ ದ್ವೀಪದಲ್ಲಿ ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಈಗ ಚಾರ್ಲ್ಸ್ ಡಾರ್ವಿನ್ ಪ್ರತಿಷ್ಠಾನದವರು ಸಸಿ ಬೆಳೆಸಿ ನೆಡುತ್ತಿದ್ದಾರೆ. ಒಂದೊಂದು ಸಸಿಯ ಸುತ್ತಲೂ ಉದ್ದಿನವಡೆಯಂಥ ಪೆಟ್ಟಿಗೆ. ನಡುವಿನ ತೂತಿನಲ್ಲಿ ಸಸಿ. ಪೆಟ್ಟಿಗೆ ಮಳೆ, ಇಬ್ಬನಿಯನ್ನು ಹಿಡಿದಿಟ್ಟು ಬತ್ತಿಯ ಮೂಲಕ ಬೇರಿಗೆ ಚೂರುಚೂರೇ ನೀರು ಜಿನುಗಿಸುತ್ತದೆ. ಬೇಲಿಯೊಳಗಿನ ಈ ಕಂದಮ್ಮಗಳು ಮರವಾಗಲು ದಶಕಗಳೇ ಬೇಕು.

2020ರ ಜೂನ್‌ನಲ್ಲಿ ಡಿಯೇಗೊ ಸೇರಿ 15 ಮುದಿ ಆಮೆಗಳು ತವರಿಗೆ ಮರಳಿದವು. ಅಷ್ಟರಲ್ಲಿ ಅವುಗಳ ಸಂತತಿಯ ಸುಮಾರು 2000 ಆಮೆಗಳು ದ್ವೀಪದಲ್ಲಿ ಓಡಾಡಿಕೊಂಡಿದ್ದವು. ಗಲಾಪಗೋಸ್ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ ಆ ಹಿರಿಯರನ್ನು ಬೆನ್ನಿಗೆ ಕಟ್ಟಿಕೊಂಡು, ಬಂಡೆ ಮುಳ್ಳುಗಳ ನಡುವೆ ದ್ವೀಪದೊಳಕ್ಕೆ ನಡೆದರು. ಇಳಿಸಿದ ಜಾಗ ಕಳ್ಳಿಮರಗಳು ಹೆಚ್ಚಿರುವ ಕಡೆ.