ಕಣ್ಮರೆಯಾದ ಕಟ್ಟಡವನ್ನು ಹಳೆಯ ಫೋಟೊದಲ್ಲಿ ಹುಡುಕುವ ಬಗೆ

ಹಳೆಯ ಮಡಿಕೇರಿಯದ್ದೆಂದು ಜನ ನಂಬಿ ಇಟ್ಟುಕೊಂಡಿರುವ ಫೋಟೊಗಳಲ್ಲಿ ಕೆಲವು ಮಡಿಕೇರಿಯವೇ ಆಗಿರುವುದಿಲ್ಲ. ಕೊಡಗಿನ ಒಂದು ಮನೆಯ ಆಲ್ಬಮ್‌ನಲ್ಲಿ ಹಂಚಿನ ಮಾಡಿನ ಅಂಗಡಿಗಳು, ಎರಡು ಜಟಕಾ, ಛತ್ರಿ ಹಿಡಿದ ಒಬ್ಬ ಗುಮಾಸ್ತ ಇರುವ ಚಿತ್ರವೊಂದಿತ್ತು; ಕೆಳಗೆ ಇಂಗ್ಲಿಷಿನಲ್ಲಿ ‘ಮರ್ಕರಾ ಬಜಾರ್’ (ಮರ್ಕರಾ ಎಂದರೆ ಇಂಗ್ಲಿಷರ ಬಾಯಲ್ಲಿ ಮಡಿಕೇರಿ) ಎಂದು ಶಾಯಿಯಲ್ಲಿ ಬರೆದಿತ್ತು. ಭೂತಗನ್ನಡಿ ಹಿಡಿದು ರಸ್ತೆಯನ್ನು ನೋಡಿದಾಗ ಜಟಕಾ ಚಕ್ರದ ಪಕ್ಕದಲ್ಲಿ ಒಂದೇ ಅಂತರ ಕಾಯ್ದುಕೊಂಡು ತಿರುವಿನವರೆಗೂ ಸಾಗುವ ಎರಡು ಹೊಳೆಯುವ ಗೆರೆಗಳು ಕಂಡವು. ಅವು ಟ್ರಾಮ್ ಹಳಿಗಳು. ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ, ಇನ್ನು ಟ್ರಾಮ್‌ನ ಮಾತೆಲ್ಲಿ? ಬೆಂಗಳೂರಿನಲ್ಲೂ ಟ್ರಾಮ್ ಓಡಿದ್ದಿಲ್ಲ. ಆ ಮನೆಯ ಹಿರಿಯರೊಬ್ಬರು ಓದಿದ್ದು ಮದರಾಸಿನಲ್ಲಿ. ಅಲ್ಲಿ ವಿದ್ಯುತ್ ಟ್ರಾಮ್ 1895ರಲ್ಲಿ ಆರಂಭವಾಗಿ 1953ರವರೆಗೆ ಓಡಿತು. ಚಿತ್ರ ಅಲ್ಲಿಯದೇ ಇರಬೇಕೆಂದು ಹಳಿಯೊಂದರಿಂದಲೇ ತೀರ್ಮಾನಿಸಲಾಗದು. ಆದರೆ ಮಡಿಕೇರಿಯದ್ದಲ್ಲ ಎಂದು ಹೇಳಲು ಹಳಿ ಸಾಕು.

ಓದಿಗೋ ಸೈನ್ಯದ ಕೆಲಸಕ್ಕೋ ಹೊರಗೆ ಹೋದವರ ಪೆಟ್ಟಿಗೆಯಲ್ಲಿ ಊರಿನ ಫೋಟೊಗಳೂ ಪರವೂರಿನ ಫೋಟೊಗಳೂ ಒಟ್ಟಿಗೆ ಬಂದಿರುತ್ತವೆ, ಆಲ್ಬಮ್‌ಗೆ ಅಂಟಿಸಿದವರು ಮುಂದಿನ ತಲೆಮಾರಿನವರಾಗಿರುತ್ತಾರೆ. ಆದ್ದರಿಂದ ನಾನು ಅಡಿಬರಹವನ್ನು ಕೊನೆಗೆ ಓದುತ್ತೇನೆ. ಎರಡು ಅಂತಸ್ತಿನ ಟ್ರಾಮ್ ಕಂಡರೆ ಮೊದಲು ಮುಂಬಯಿಯನ್ನು ನೆನೆಯಬೇಕು. ಅಲ್ಲಿ ಅವು 1920ರಲ್ಲಿ ಬಂದವು, ಟ್ರಾಮ್ ಸಂಚಾರವೇ 1964ರ ಮಾರ್ಚ್ 31ಕ್ಕೆ ನಿಂತಿತು. ಓಟ ನಿಂತ ಮೇಲೂ ಹಳಿಗಳು ರಸ್ತೆಯಲ್ಲಿ ಕೆಲಕಾಲ ಉಳಿದಿರಬಹುದಾದ್ದರಿಂದ, ಬರಿಯ ಹಳಿಯಿಂದ ‘ಇದಕ್ಕಿಂತ ಮೊದಲಿನದ್ದಲ್ಲ’ ಎಂದು ಹೇಳಬಹುದೇ ಹೊರತು ‘ಇದಕ್ಕಿಂತ ಈಚಿನದ್ದಲ್ಲ’ ಎಂದು ಹೇಳಲಾಗದು. ಈ ಕೆಲಸದ ಮುಖ್ಯ ಕ್ರಮವೇ ಅದು: ಚಿತ್ರಕ್ಕೆ ಒಂದು ವರ್ಷವನ್ನು ಹಚ್ಚುವುದಲ್ಲ, ಹಿಂದೊಂದು ಮುಂದೊಂದು ಎಲ್ಲೆ ಹಾಕಿ ನಡುವಿನ ಜಾಗವನ್ನು ಕಿರಿದಾಗಿಸುತ್ತಾ ಹೋಗುವುದು.

ಮಡಿಕೇರಿಯ ಕೋಟೆ ಇದಕ್ಕೆ ಒಳ್ಳೆಯ ಪಾಠಶಾಲೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಕೋಟೆಯೊಳಗಿನ ವೀರಭದ್ರ ದೇವಸ್ಥಾನವನ್ನು ತೆಗೆದು, 1850ರ ದಶಕದಲ್ಲಿ ಆ ಜಾಗದಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಅದೇ ಕಟ್ಟಡ 1971ರಿಂದ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಕ್ಯಾಮೆರಾ ನಮ್ಮ ಬೆಟ್ಟ ಹತ್ತುವ ಹೊತ್ತಿಗೆ ಆ ದೇವಸ್ಥಾನ ಹೋಗಿಯಾಗಿತ್ತು ಎಂದೇ ತಿಳಿಯಬೇಕಾದ್ದರಿಂದ, ಅದರ ಫೋಟೊ ಇದೆಯೆಂದು ಯಾರಾದರೂ ಹೇಳಿದರೆ ನಾನು ಸಂಭ್ರಮಪಡುವ ಮೊದಲು ಕಾಗದವನ್ನು ತಿರುಗಿಸಿ ನೋಡುತ್ತೇನೆ. ಲಿಂಗರಾಜೇಂದ್ರನ ಕಾಲದ ಅರಮನೆಯಾದರೋ ಇಂದಿಗೂ ನಿಂತಿದೆ, ಆದರೆ ಅದರ ಮುಖ ಬದಲಾಗಿದೆ. ಕಮಿಷನರರ ಕಾರು ನಿಲ್ಲಲು ಪೋರ್ಟಿಕೋ, ಜೊತೆಗೊಂದು ಗಡಿಯಾರದ ಗೋಪುರ ಅದಕ್ಕೆ ಸೇರಿದ್ದು 1933ರಲ್ಲಿ. ಅವೆರಡೂ ಇಲ್ಲದ ಅರಮನೆಯ ಚಿತ್ರ ಅದಕ್ಕಿಂತ ಹಿಂದಿನದು. ಅಂಗಳದ ಗಾರೆ ಆನೆಗಳ ಮುಂದೆ ನಿಂತು ತೆಗೆಸಿಕೊಂಡ ಗುಂಪು ಫೋಟೊಗಳು ಕೊಡಗಿನಲ್ಲಿ ಹೇರಳವಾಗಿವೆ. ಜನರ ಮುಖಗಳನ್ನು ಗುರುತಿಸುವ ಆತುರದಲ್ಲಿ ಹಿಂದಿನ ಗೋಡೆಯನ್ನು ಯಾರೂ ನೋಡುವುದಿಲ್ಲ, ಮತ್ತು ನಮಗೆ ಬೇಕಾದದ್ದು ಆ ಗೋಡೆಯೇ.

ಪೇಟೆಯ ಮನೆ ಅಂಗಡಿಗಳಿಗೆ ಇಂಥ ದಾಖಲಾದ ವರ್ಷಗಳು ಸಿಗುವುದು ಅಪರೂಪ. ಅಲ್ಲಿ ಮಾಡನ್ನು ಓದಬೇಕು. ಹುಲ್ಲು, ಆಮೇಲೆ ಹಂಚು, ಆಮೇಲೆ ಶೀಟು, ಕೊನೆಗೆ ತಾರಸಿ ಎಂಬ ಸಾಲು ಒಟ್ಟಾರೆ ನಿಜ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ; ಹಾಗಾಗಿ ಚಪ್ಪಟೆಯಾದ, ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹಂಚು ಕಂಡರೆ ಚಿತ್ರ ಅದಕ್ಕಿಂತ ಈಚಿನದು. ಆದರೆ ಹುಲ್ಲಿನ ಮಾಡು ಕಂಡ ಮಾತ್ರಕ್ಕೆ ಚಿತ್ರ ತೀರ ಹಳೆಯದೆಂದು ಹೇಳಬಾರದು, ಏಕೆಂದರೆ ಅನುಕೂಲ ಇಲ್ಲದವರ ಮನೆಯ ಮೇಲೆ ಹುಲ್ಲು ಬಹುಕಾಲ ಉಳಿದಿತ್ತು. ಇನ್ನೊಂದು ಎಚ್ಚರ: ಬಿದ್ದ ಮನೆಯ ಹಂಚನ್ನು ಎತ್ತಿ ತಂದು, ಅದರ ಮೇಲೆ ಅಚ್ಚಾದ 1865 ಎಂಬ ಅಂಕಿಯನ್ನು ತೋರಿಸಿ ಮನೆಯ ವಯಸ್ಸನ್ನು ಹೇಳುವವರಿದ್ದಾರೆ. ಅದು ಕಾರ್ಖಾನೆಯ ಸ್ಥಾಪನೆಯ ವರ್ಷ, ಹಂಚು ಸುಟ್ಟ ವರ್ಷವಲ್ಲ. ಬಹಳ ಕಾಲದ ನಂತರ ಮಾಡಿದ ಹಂಚಿನ ಮೇಲೂ ಅದೇ ಅಂಕಿ ಇರುತ್ತದೆ.

ಜಾಗವನ್ನು ಗುರುತಿಸಲು ಹೊರಡುವ ಮೊದಲು ಚಿತ್ರ ಎಡಬಲ ತಿರುಗಿ ಅಚ್ಚಾಗಿದೆಯೇ ಎಂದು ನೋಡಲೇಬೇಕು. ಗಾಜಿನ ನೆಗೆಟಿವ್ ಆಗಲಿ, ಫಿಲ್ಮ್ ಆಗಲಿ, ಮಗುಚಿ ಹಾಕಿ ಪ್ರಿಂಟ್ ತೆಗೆದರೆ ಚಿತ್ರ ಚೆನ್ನಾಗಿಯೇ ಬರುತ್ತದೆ, ಊರು ಮಾತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿರುತ್ತದೆ. ಅಂಗಡಿಯ ಬೋರ್ಡು ಇದ್ದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಬೋರ್ಡು ಇಲ್ಲದಿದ್ದರೆ ಕೊಡವ ಹೆಂಗಸರ ಸೀರೆ ಹೇಳುತ್ತದೆ: ನೆರಿಗೆ ಹಿಂದಕ್ಕಿರುತ್ತದೆ, ಸೆರಗು ಎಡ ಕಂಕುಳ ಕೆಳಗಿಂದ ಎದೆಯ ಮೇಲೆ ಬಂದು ಬಲ ಹೆಗಲಿನ ಮೇಲೆ ಕಟ್ಟಿರುತ್ತದೆ. ಗುಂಪಿನ ಎಲ್ಲ ಹೆಂಗಸರ ಸೆರಗೂ ಎಡ ಹೆಗಲಿನಲ್ಲಿದ್ದರೆ ಉಟ್ಟವರೆಲ್ಲ ತಪ್ಪಿದ್ದಾರೆಂದಲ್ಲ, ನೆಗೆಟಿವ್ ಮಗುಚಿದೆ.

ಜನರೇ ಇಲ್ಲದ ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆಯ) ಚಿತ್ರಕ್ಕೆ ಬಿಸಿಲು ಸಾಕ್ಷಿ. ಐನ್‌ಮನೆ ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತದೆ. ಅಂಗಳದಲ್ಲಿ ನಿಂತು ಮನೆಯ ಮುಂಭಾಗವನ್ನು ತೆಗೆದವನು ಪಶ್ಚಿಮಕ್ಕೆ ನೋಡುತ್ತಿದ್ದಾನೆ, ಅವನ ಎಡಗೈ ದಕ್ಷಿಣಕ್ಕಿದೆ. ಕೈಯಾಲೆಯ (ಮುಂದಿನ ಜಗಲಿಯ) ಕಂಬಗಳ ಮೇಲೆ ನೇರ ಬಿಸಿಲು ಬಿದ್ದಿದ್ದರೆ ಸಮಯ ಬೆಳಗ್ಗೆ. ಭತ್ತದ ಕೊಯ್ಲು ಮುಗಿದ ಡಿಸೆಂಬರ್, ಜನವರಿಯ ಹೊತ್ತಿನಲ್ಲಿ ಸೂರ್ಯ ಆಗ್ನೇಯದಲ್ಲಿರುವುದರಿಂದ ಕಂಬದ ನೆರಳು ಗೋಡೆಯ ಮೇಲೆ ಬಲಕ್ಕೆ ಓರೆಯಾಗಿ ಬೀಳಬೇಕು. ಅಂಗಳದಲ್ಲಿ ಹುಲ್ಲಿನ ಬಣವೆ ಇದ್ದು ನೆರಳು ಎಡಕ್ಕೆ ಬಿದ್ದಿದ್ದರೆ ಚಿತ್ರ ಮಗುಚಿರುವ ಸಂಶಯ ಬಲವಾಗುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಅಕ್ಷಾಂಶದಲ್ಲಿ ಮಧ್ಯಾಹ್ನದ ಸೂರ್ಯನೇ ಉತ್ತರಕ್ಕಿರುತ್ತಾನೆಂಬುದನ್ನೂ ಮರೆಯಬಾರದು. ಆದರೆ ಆ ತಿಂಗಳುಗಳ ಬಹುಪಾಲು ಮಳೆಯೇ ಆದ್ದರಿಂದ ಹಳೆಯ ಫೋಟೊಗ್ರಾಫರರು ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿದ್ದು ಕಡಿಮೆ. ಮನೆ ಬಿದ್ದು ಅಡಿಪಾಯ ಮಾತ್ರ ಉಳಿದ ಕಡೆ ಈ ದಿಕ್ಕಿನ ಲೆಕ್ಕ ತುಂಬ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ದಿಕ್ಕು ಖಚಿತವಾದರೆ ನೈಋತ್ಯ ಮೂಲೆಯ ಪೂಜೆಯ ಕೋಣೆಯಾದ ಕನ್ನಿ ಕೋಂಬರೆಯಿಂದ ಹಿಡಿದು ನಡುವಿನ ಹಜಾರವಾದ ನಡುಬಾಡೆಯವರೆಗೆ ಯಾವ ಗೋಡೆ ಯಾವುದೆಂದು ನೆಲದ ಮೇಲೆ ಗುರುತು ಹಾಕಬಹುದು.

ಕ್ಯಾಮೆರಾ ನಿಂತ ಜಾಗವನ್ನು ಕಂಡುಹಿಡಿಯುವುದು ನನ್ನ ಮಟ್ಟಿಗೆ ಈ ಕೆಲಸದ ಅತ್ಯಂತ ಹಿತವಾದ ಭಾಗ. ಕಣ್ಮರೆಯಾದ ಕಟ್ಟಡವನ್ನು ನೇರವಾಗಿ ಹುಡುಕಿದರೆ ಸಿಗುವುದಿಲ್ಲ. ಅದರ ಹಿಂದೆ ಇದ್ದು ಇಂದಿಗೂ ಇರುವುದನ್ನು ಮೊದಲು ಹಿಡಿಯಬೇಕು. ಮಡಿಕೇರಿಯಲ್ಲಿ ಅದಕ್ಕೆ ಬರವಿಲ್ಲ. ಯಾವ ಕಡೆ ತಿರುಗಿದರೂ ಬೆಟ್ಟದ ಅಂಚು, ಇಲ್ಲವೇ ಕೋಟೆಯ ಗೋಡೆ, ಇಲ್ಲವೇ ಗದ್ದಿಗೆಯ (ಅರಸರ ಸಮಾಧಿಯ) ಗುಮ್ಮಟ ಕಾಣುತ್ತದೆ. ಚಿತ್ರದಲ್ಲಿ ಹತ್ತಿರದ ಒಂದು ವಸ್ತು ದೂರದ ಒಂದು ವಸ್ತುವನ್ನು ಎಲ್ಲಿ ಮರೆಮಾಡುತ್ತದೆ ಎಂದು ನೋಡಿರಿ. ಕೋಟೆ ಗೋಡೆಯ ಮೂಲೆ ಗುಮ್ಮಟದ ಅರ್ಧವನ್ನು ಮುಚ್ಚಿದ್ದರೆ, ಆ ಮೂಲೆಯನ್ನೂ ಗುಮ್ಮಟವನ್ನೂ ಜೋಡಿಸಿ ನಕ್ಷೆಯ ಮೇಲೆ ಎಳೆದ ಗೆರೆಯನ್ನು ಈಚೆಗೆ ಮುಂದುವರಿಸಿದಾಗ ಕ್ಯಾಮೆರಾ ಆ ಗೆರೆಯ ಮೇಲೆ ಎಲ್ಲೋ ಇತ್ತೆಂದಾಯಿತು. ಇಂಥದೇ ಇನ್ನೊಂದು ಜೋಡಿ ಸಿಕ್ಕರೆ ಎರಡು ಗೆರೆಗಳು ಕೂಡುವಲ್ಲಿ ಫೋಟೊಗ್ರಾಫರ್ ನಿಂತಿದ್ದ. ಅಲ್ಲಿಗೆ ಹೋಗಿ ಪ್ರಿಂಟನ್ನು ಕಣ್ಣಿನೆತ್ತರಕ್ಕೆ ಹಿಡಿದು ಒಂದೆರಡು ಹೆಜ್ಜೆ ಆಚೀಚೆ ಸರಿದರೆ ಮೂಲೆಯೂ ಗುಮ್ಮಟವೂ ಚಿತ್ರದಲ್ಲಿದ್ದಂತೆಯೇ ಕೂಡಿಕೊಳ್ಳುತ್ತವೆ. ಆಗ ಕಳೆದುಹೋದ ಅಂಗಡಿ ಸಾಲು ಇಂದಿನ ಯಾವ ಕಟ್ಟಡದ ಜಾಗದಲ್ಲಿತ್ತೆಂದು ಬೆರಳಿಟ್ಟು ತೋರಿಸಬಹುದು. ಕೆಲವೊಮ್ಮೆ ಆ ಬಿಂದು ಯಾರದೋ ಮನೆಯ ಅಡುಗೆ ಕೋಣೆಯೊಳಗೆ ಬರುತ್ತದೆ ಎಂಬುದು ಬೇರೆ ಮಾತು. ಮರಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ತೋಟದ ಸಿಲ್ವರ್ ಓಕ್ ಕೆಲವೇ ದಶಕಗಳಲ್ಲಿ ಒಂದು ಗುಡ್ಡದ ಆಕಾರವನ್ನೇ ಬದಲಿಸಿಬಿಡುತ್ತದೆ.

ಕಾಗದದ ಪರೀಕ್ಷೆಯ ಬಗ್ಗೆ ಜನರಿಗೆ ಅಗತ್ಯಕ್ಕಿಂತ ಹೆಚ್ಚು ಭರವಸೆ ಇದೆ. ತೆಳು ಕಾಗದ, ಹಳದಿಗೆ ತಿರುಗಿದ ಬಿಳುಪು, ಕಂದು ಛಾಯೆ ಇದ್ದರೆ ಅದು ಮೊಟ್ಟೆಯ ಬಿಳಿಯ ಲೇಪವಿರುವ ಆಲ್ಬುಮೆನ್ ಪ್ರಿಂಟ್ ಇರಬಹುದು, ಅದರ ಬಳಕೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಳಿಯಿತು. ಹಿಂಬದಿ ಪ್ಲಾಸ್ಟಿಕ್‌ನಂತೆ ನುಣುಪಾಗಿದ್ದರೆ ಪ್ರಿಂಟ್ ಸುಮಾರು 1970ರ ಈಚಿನದು. ಹಿಂಬದಿಯನ್ನು ಗೆರೆ ಎಳೆದು ವಿಳಾಸಕ್ಕೊಂದು ಒಕ್ಕಣೆಗೊಂದು ಎಂದು ಭಾಗ ಮಾಡಿದ ಚಿತ್ರಕಾರ್ಡಾಗಿದ್ದರೆ 1902ರ ನಂತರದ್ದು, ಏಕೆಂದರೆ ಹಾಗೆ ಭಾಗ ಮಾಡಲು ಎಲ್ಲರಿಗಿಂತ ಮೊದಲು ಅನುಮತಿ ಕೊಟ್ಟ ದೇಶ ಬ್ರಿಟನ್, ಕೊಟ್ಟದ್ದು ಆ ವರ್ಷ. ಆದರೆ ಇವೆಲ್ಲ ಪ್ರಿಂಟಿನ ವಯಸ್ಸು. ತಾತನ ಫೋಟೊ ಹಾಳಾಗುತ್ತಿದೆಯೆಂದು ಮೊಮ್ಮಗ ಸ್ಟುಡಿಯೋದಲ್ಲಿ ಕಾಪಿ ತೆಗೆಸಿದ್ದರೆ ಕಾಗದ ಹೊಸದು, ದೃಶ್ಯ ಹಳೆಯದು. ಅದೇ ರೀತಿ ಜನಸಂಚಾರವೇ ಇಲ್ಲದ ರಸ್ತೆಯನ್ನು ಕಂಡು ಪೇಟೆ ಆಗ ಬಣಗುಡುತ್ತಿತ್ತೆಂದು ಬರೆಯುವುದೂ ತಪ್ಪು. ಗಾಜಿನ ಪ್ಲೇಟಿನ ಮೊದಮೊದಲ ಕಾಲದಲ್ಲಿ ಬೆಳಕು ಹಲವು ಸೆಕೆಂಡುಗಳ ಕಾಲ ಬೀಳಬೇಕಾಗಿದ್ದು, ನಡೆದುಹೋದವರು ಚಿತ್ರದಲ್ಲಿ ಉಳಿಯುತ್ತಿರಲಿಲ್ಲ, ಇಲ್ಲವೇ ಮಸುಕಾದ ಒಂದು ಕಲೆಯಾಗುತ್ತಿದ್ದರು. ಗಾಡಿ ಸ್ಪಷ್ಟವಾಗಿದ್ದು ಎತ್ತಿಗೆ ತಲೆಯೇ ಇಲ್ಲದಂತೆ ಕಾಣುವುದು ಇದರಿಂದಲೇ.

ಚಿತ್ರದಿಂದ ಇಷ್ಟನ್ನು ತೆಗೆದ ಮೇಲೆ ನಗರಸಭೆಯ ಕಂದಾಯದ ಹಳೆಯ ಪುಸ್ತಕಗಳು, ಸರ್ವೆ ನಕ್ಷೆಗಳು, ಹಿರಿಯರ ನೆನಪು. ಹಿರಿಯರ ಬಳಿ ಹೋದಾಗ ‘ಇದು ಮಹದೇವಪೇಟೆ ಅಲ್ಲವೇ?’ ಎಂದು ಕೇಳಬಾರದು. ಮನೆಗೆ ಬಂದವರ ಮಾತಿಗೆ ಇಲ್ಲವೆನ್ನಲು ಅವರಿಗೆ ಸಂಕೋಚ. ‘ಅಜ್ಜಿ, ಇದರಲ್ಲಿ ನಿಮಗೆ ಏನು ಕಾಣುತ್ತದೆ?’ ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಬೇಕು. ಕಟ್ಟಡದ ಹೆಸರು ಮರೆತವರಿಗೂ ಅದರ ಪಕ್ಕದ ಬಾವಿ, ಮೆಟ್ಟಿಲು, ಮಳೆಗಾಲದಲ್ಲಿ ನೀರು ಹರಿಯುತ್ತಿದ್ದ ಕಡೆ ನೆನಪಿರುತ್ತದೆ. ‘ಈ ಮೆಟ್ಟಿಲು ಹತ್ತಿದರೆ ಎಡಗಡೆ ದರ್ಜಿ ಕೂರುತ್ತಿದ್ದ’ ಎಂಬ ಒಂದು ಮಾತು ಅರ್ಧ ದಿನದ ನಕ್ಷೆಯ ಕೆಲಸವನ್ನು ಉಳಿಸುತ್ತದೆ.

ನಮ್ಮ ಮಳೆಯಲ್ಲಿ ಫೋಟೊ ಉಳಿಸುವುದರ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಕಟ್ಟಿನ ಗಾಜಿಗೆ ಅಂಟಿಕೊಂಡ ಪ್ರಿಂಟನ್ನು ಕಿತ್ತರೆ ಚಿತ್ರದ ಪದರ ಗಾಜಿನಲ್ಲೇ ಉಳಿಯುತ್ತದೆ, ಆದ್ದರಿಂದ ಗಾಜಿನೊಂದಿಗೇ ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ಬೇಡವೇ ಬೇಡ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಅಂಚಿನಲ್ಲಿ ಬರೆಯಿರಿ.

ಬೆಟ್ಟವನ್ನು ನಂಬಿ ಜಾಗ ಹಿಡಿಯುವ ಕ್ರಮಕ್ಕೆ 2018ರ ಆಗಸ್ಟ್ ಒಂದು ಮಿತಿ ಹಾಕಿತು. ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದಾಗ ಮನೆಗಳ ಜೊತೆಗೆ ಅವುಗಳ ಹಿನ್ನೆಲೆಯೂ ಹೋಯಿತು. ಮೇಲಿನ ಅಂಚು ಉಳಿದರೂ ಇಳಿಜಾರಿನ ಮೈ, ತೋಡಿನ ದಾರಿ, ರಸ್ತೆಯ ಮಟ್ಟ ಬದಲಾದವು. ಅಲ್ಲಿ ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳಲ್ಲಿ ತೆಗೆದ ಸಾಮಾನ್ಯ ಫೋಟೊಗಳೇ ಈಗ ಹಳೆಯ ನೆಲದ ದಾಖಲೆ. ಅವುಗಳಲ್ಲಿ ಬಹುಪಾಲು ಮೊಬೈಲಿನವು. ಮೂಲ ಕಡತದೊಳಗೆ ತೆಗೆದ ದಿನ, ಗಂಟೆ ದಾಖಲಾಗಿರುತ್ತವೆ, ಲೊಕೇಶನ್ ಆನ್ ಆಗಿದ್ದರೆ ಅಕ್ಷಾಂಶ ರೇಖಾಂಶಗಳೂ ಇರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದಾಗ ಇವು ಅಳಿಸಿಹೋಗಿ, ಚಿತ್ರವೂ ಕುಗ್ಗುತ್ತದೆ. ಆ ಕಡೆಯ ಬಂಧುಗಳ ಹಳೆಯ ಫೋನ್ ಇನ್ನೂ ಮನೆಯಲ್ಲಿದ್ದರೆ ಅದರಿಂದ ಕೇಬಲ್ ಮೂಲಕ ಮೂಲ ಕಡತವನ್ನೇ ಇಳಿಸಿಕೊಳ್ಳಿ, ಅದು ಆಗದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ.