ಚೈತ್ರ: ಹಬ್ಬಗಳೆಲ್ಲ ಮೊದಲ ಹದಿನೈದು ದಿನದಲ್ಲೇ

ಚೈತ್ರ ನಮ್ಮ ಪಂಚಾಂಗದ ಮೊದಲ ತಿಂಗಳು. ಯುಗಾದಿ ಪಾಡ್ಯದಂದು ಶುರುವಾಗಿ ಮುಂದಿನ ಅಮಾವಾಸ್ಯೆಗೆ ಮುಗಿಯುತ್ತದೆ. ಸುಮಾರಾಗಿ ಮಾರ್ಚ್ ಕೊನೆ, ಏಪ್ರಿಲ್ ಅನ್ನಿ. ಚೈತ್ರ, ವೈಶಾಖ ಸೇರಿದರೆ ವಸಂತ ಋತು. ಕವಿಗಳ ವಸಂತದಲ್ಲಿ ತಂಗಾಳಿ ಬೀಸುತ್ತದೆ. ರಾಯಚೂರು, ಕಲಬುರಗಿಯವರನ್ನು ಕೇಳಿದರೆ ಬೇರೆ ಮಾತು ಹೇಳಿಯಾರು! ಆದರೂ ಹೊಂಗೆ ಎಳೆ ಹಸಿರಾಗುವುದು, ಬೇವು ಹೂ ಬಿಡುವುದು, ಮಾವಿನಕಾಯಿ ಚಿತ್ರಾನ್ನಕ್ಕೆ ಸಿಗುವುದು ಈ ಹೊತ್ತಿಗೇ. ಯುಗಾದಿಯ ಬೇವು ಬೆಲ್ಲಕ್ಕೆ ಬೇವಿನ ಹೂವೇ ಬೇಕು ಅನ್ನುವವರಿಗೆ ಅದನ್ನು ಹುಡುಕಿಕೊಂಡು ಜಾಸ್ತಿ ಅಲೆಯುವ ಕೆಲಸವಿಲ್ಲ.

ಹೆಸರು ಬಂದದ್ದು ಚಿತ್ತಾ ನಕ್ಷತ್ರದಿಂದ. ಈ ತಿಂಗಳ ಹುಣ್ಣಿಮೆ ಚಂದ್ರ ಚಿತ್ತೆಯ ಆಸುಪಾಸಿನಲ್ಲಿ ಇರುತ್ತಾನೆ. ಆ ರಾತ್ರಿ ಚಂದ್ರನ ಹತ್ತಿರ ಒಂಟಿಯಾಗಿ ಬೆಳ್ಳಗೆ ಹೊಳೆಯುವ ನಕ್ಷತ್ರ ಕಂಡರೆ ಅದೇ ಚಿತ್ತೆ. ಕೆಲವು ವರ್ಷ ಚಂದ್ರ ಸ್ವಲ್ಪ ಹಿಂದೆ ಹಸ್ತದಲ್ಲೋ, ಮುಂದೆ ಸ್ವಾತಿಯಲ್ಲೋ ಇರುವುದೂ ಉಂಟು. ಹಾಗಾದರೆ ಚಿತ್ತಾ ಮಳೆ ಬರುವುದು ಅಕ್ಟೋಬರಿನಲ್ಲಿ ಅಲ್ವಾ ಎಂದು ರೈತರು ಕೇಳಬಹುದು. ಮಳೆ ನಕ್ಷತ್ರಗಳದ್ದು ಸೂರ್ಯನ ಲೆಕ್ಕ. ಹುಣ್ಣಿಮೆಯ ದಿನ ಚಂದ್ರ ಸೂರ್ಯನಿಗೆ ಸರಿಯಾಗಿ ಎದುರು ಇರುತ್ತಾನೆ. ಅದಕ್ಕೇ ಚಂದ್ರ ಚಿತ್ತೆಯಲ್ಲಿ ಹುಣ್ಣಿಮೆಯಾಗುವುದಕ್ಕೂ ಸೂರ್ಯ ಅಲ್ಲಿಗೆ ಬರುವುದಕ್ಕೂ ಆರು ತಿಂಗಳ ಅಂತರ.

ಈ ತಿಂಗಳ ಒಂದು ತಮಾಷೆ ಎಂದರೆ ದೊಡ್ಡ ಹಬ್ಬಗಳೆಲ್ಲ ಶುಕ್ಲಪಕ್ಷದಲ್ಲೇ ತುಂಬಿಕೊಂಡಿವೆ. ಪಾಡ್ಯಕ್ಕೆ ಯುಗಾದಿ. ಬೆಳಗ್ಗೆ ಎಣ್ಣೆಸ್ನಾನ, ಆಮೇಲೆ ಬೇವು ಬೆಲ್ಲ, ಒಬ್ಬಟ್ಟು, ಪಂಚಾಂಗ ಶ್ರವಣ. ಕೆಲವು ಹಳ್ಳಿಗಳಲ್ಲಿ ಅಂದೇ ಎತ್ತು ಸಿಂಗರಿಸಿ ಹೊನ್ನಾರು ಕಟ್ಟಿ ವರ್ಷದ ಮೊದಲ ಸಾಲು ಉಳುತ್ತಾರೆ. ಹಳೇ ಮೈಸೂರು ಕಡೆ ಮರುದಿನ ಹೊಸತೊಡಕು. ಹಿಂದಿನ ದಿನ ಒಬ್ಬಟ್ಟು ತಿಂದವರೇ ಬೆಳಗಿನ ಜಾವ ಮಟನ್ ಅಂಗಡಿ ಮುಂದೆ ಕ್ಯೂ ನಿಂತಿರುತ್ತಾರೆ.

ತದಿಗೆಗೆ ಚೈತ್ರ ಗೌರಿ. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲೂ ಗೌರಿಯನ್ನು ಪುಟ್ಟ ತೂಗುಮಣೆಯಲ್ಲಿ ಕೂರಿಸುತ್ತಾರೆ. ಒಂದು ದಿನ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದು, ನೆನೆಸಿದ ಕಡಲೆಕಾಳು, ಮಾವಿನಕಾಯಿ ತುರಿ ಹಾಕಿದ ಕೋಸಂಬರಿ, ಪಾನಕ ಕೊಡುತ್ತಾರೆ. ಅವಳು ಅಕ್ಷಯ ತದಿಗೆವರೆಗೂ ತೂಗುಮಣೆಯಲ್ಲೇ ಇರುತ್ತಾಳೆ. ಹುಣ್ಣಿಮೆ ದಾಟಿ ವೈಶಾಖಕ್ಕೂ ಕಾಲಿಡುವ ಹಬ್ಬ ಇದು.

ನವಮಿಗೆ ರಾಮನವಮಿ. ಪಾನಕ, ನೀರುಮಜ್ಜಿಗೆ, ಕೋಸಂಬರಿ ಮೂರೂ ಬಿಸಿಲಿಗೆ ಹೇಳಿ ಮಾಡಿಸಿದಂಥವು. ಬೆಂಗಳೂರಿನಲ್ಲಿ ರಾಮನವಮಿ ಎಂದರೆ ಸಂಗೀತವೂ ಹೌದು. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ ಕಛೇರಿ ನಡೆಸುತ್ತಾ ಬಂದಿದೆ. ತ್ರಯೋದಶಿಗೆ ಮಹಾವೀರ ಜಯಂತಿ.

ಹುಣ್ಣಿಮೆಯಂದು ಹಬ್ಬಗಳ ಸಂತೆಯೇ. ಇದಕ್ಕೆ ದವನದ ಹುಣ್ಣಿಮೆ ಎಂಬ ಹೆಸರೂ ಇದೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಜನ ಹರಿದು ಬರುತ್ತಾರೆ. ಹಲವು ಕಡೆ ಹನುಮ ಜಯಂತಿ. ಬೆಂಗಳೂರಿನ ತಿಗಳರ ಪೇಟೆಯ ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ಅದೇ ರಾತ್ರಿ ಕರಗ ಹೊರಡುತ್ತದೆ. ತಿಗಳ ಸಮುದಾಯದ ಒಬ್ಬ ಪೂಜಾರಿ ಹೆಣ್ಣಿನ ಉಡುಗೆ ಉಟ್ಟು, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆ ಮೇಲೆ ಹೊತ್ತು ಸಾಗುತ್ತಾನೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಕರಗ ಎಂದರೆ ದ್ರೌಪದಿಯೇ ಎಂಬ ನಂಬಿಕೆ. ಅವಳ ಈ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ.

ಅಲ್ಲಿಂದ ಅಮಾವಾಸ್ಯೆವರೆಗೆ ಹೇಳಿಕೊಳ್ಳುವಂಥ ದೊಡ್ಡ ಹಬ್ಬವಿಲ್ಲ. ಉತ್ತರ ಭಾರತದಲ್ಲಿ ಆ ಹದಿನೈದು ದಿನವನ್ನು ಚೈತ್ರ ಅಂತಲೇ ಕರೆಯುವುದಿಲ್ಲ! ನಮ್ಮಲ್ಲಿ, ಆಂಧ್ರದಲ್ಲಿ, ಮಹಾರಾಷ್ಟ್ರದಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನದ ಕಡೆ ಹುಣ್ಣಿಮೆಗೆ. ಹಾಗಾಗಿ ಹೋಳಿ ಹುಣ್ಣಿಮೆ ಮುಗಿಯುತ್ತಿದ್ದಂತೆ ಅವರಿಗೆ ಚೈತ್ರ ಬಂತು. ವಿಕ್ರಮ ಸಂವತ್ಸರ ಬದಲಾಗುವುದು ಮಾತ್ರ ನಮ್ಮ ಯುಗಾದಿಯಂದೇ, ಅಂದರೆ ಅವರ ಚೈತ್ರದ ಮಧ್ಯದಲ್ಲಿ. ಶುಕ್ಲಪಕ್ಷಕ್ಕೆ ಎರಡೂ ಕಡೆ ಹೆಸರು ಒಂದೇ. ಗೊಂದಲ ಇರುವುದು ಕೃಷ್ಣಪಕ್ಷದಲ್ಲಿ ಮಾತ್ರ. ಶಿವರಾತ್ರಿ ನಮಗೆ ಮಾಘ, ಅವರಿಗೆ ಫಾಲ್ಗುಣ. ರಾಮನವಮಿ ಇಬ್ಬರಿಗೂ ಚೈತ್ರವೇ.

ತಾರೀಕು ಯಾಕೆ ಓಡಾಡುತ್ತದೆ? ಹನ್ನೆರಡು ಚಾಂದ್ರಮಾಸಕ್ಕೆ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಅದಕ್ಕೆ ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19 ಹೀಗೆ ಹಿಂದೆ ಸರಿಯಿತು. 2026ರಲ್ಲಿ ಅಧಿಕ ಜ್ಯೇಷ್ಠ ಎಂಬ ಹೆಚ್ಚುವರಿ ತಿಂಗಳು ಬರುವುದರಿಂದ 2027ರಲ್ಲಿ ಮತ್ತೆ ಏಪ್ರಿಲ್ 7ಕ್ಕೆ ಜಿಗಿಯುತ್ತದೆ. ತುಳುನಾಡಿನವರಿಗೆ ಈ ತಲೆನೋವಿಲ್ಲ. ಅವರ ಹೊಸ ವರ್ಷದ ಹಬ್ಬ ಬಿಸು ಸೂರ್ಯನ ಲೆಕ್ಕದ್ದು, ಏಪ್ರಿಲ್ ಮಧ್ಯಕ್ಕೇ ಬರುತ್ತದೆ. ಸರ್ಕಾರದ ಚೈತ್ರ ಇನ್ನೊಂದಿದೆ. 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಚೈತ್ರ 1 ಎಂದರೆ ಮಾರ್ಚ್ 22, ಅಧಿಕ ವರ್ಷದಲ್ಲಿ 21. ಅದನ್ನು ನೋಡಿಕೊಂಡು ಯಾರೂ ಒಬ್ಬಟ್ಟು ಮಾಡುವುದಿಲ್ಲ, ಬಿಡಿ.